ಬೇಳೆ ಬೇಯುವ ಬಾವಿ

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ಒಂದು ತುರಟಿಯ ಗಡ್ಡೆ ಸಿಕ್ಕಿತು. ತುರಟಿ ಅಂದರೆ ನಿಮಗೆ ಗೊತ್ತಿರಬೇಕು, ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ತಿಕ್ಕುವ ಬಿಳಿ ಕಲ್ಲು. ಕೆಸರು ನೀರನ್ನು ತಿಳಿ ಮಾಡಲಿಕ್ಕೂ ಅದೇ ಬೇಕು. ನಮ್ಮ ಕಪಾಟಿನಲ್ಲಿ ಸಿಕ್ಕದ್ದು ನನ್ನ ಎರಡು ಮುಷ್ಟಿಯಷ್ಟು ದಪ್ಪಗಿದೆ. ಬಸವನ ಬಾಗೇವಾಡಿಯ ಸಂತೆಯಲ್ಲಿ ಅದನ್ನು ಕೊಳ್ಳುವಾಗ ಅಂಗಡಿಯವನು, ಯಜಮಾನರು ಹೊಸದಾಗಿ ಸಲೂನು ತೆಗೆದಿದ್ದಾರೇನು ಎಂದು ವಿಚಾರಿಸಿದ್ದ. ಇಲ್ಲಪ್ಪಾ, ಬಾವಿಗೆ ಎಂದೆ. ಅವನು ಮುಂದೆ ಏನೂ ಕೇಳದೆ ಕಾಗದದಲ್ಲಿ ಸುತ್ತಿ ಕೊಟ್ಟ.

ನಾನು ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಜಗತ್ತಿನ ಯಾವ ತೊಂದರೆಗೂ ನನ್ನ ಹತ್ತಿರ ಒಂದು ಉಪಾಯ ಇದ್ದೇ ಇರುತ್ತದೆ ಎಂಬ ನಂಬಿಕೆ ನನಗಿದೆ. ನಮ್ಮ ಮನೆಯವರಿಗೆ ಆ ನಂಬಿಕೆ ಇಲ್ಲ. ಅವರು ಹೊಲದ ಮನುಷ್ಯ, ಮಾತು ಕಡಿಮೆ. ನಾನು ಉಪಾಯ ಹೇಳಲು ಶುರುಮಾಡಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾರೆ. ಈ ತುರಟಿಯ ಕಥೆಯಲ್ಲೂ ಹಾಗೆಯೇ ಹೋದರು. ಆದರೆ ಅದನ್ನು ಹೇಳುವ ಮೊದಲು ನಿಮ್ಮನ್ನು ಸ್ವಲ್ಪ ತಾಂಬಾಕ್ಕೆ ಕರೆದುಕೊಂಡು ಹೋಗಬೇಕು, ಯಾಕೆಂದರೆ ನನ್ನ ತವರು ಅದು, ಮತ್ತು ನೀರಿನ ವಿಷಯದಲ್ಲಿ ನನ್ನ ಬುದ್ಧಿ ಕೆಟ್ಟದ್ದು ಅಲ್ಲಿಂದಲೇ.

ತಾಂಬಾದ ನಮ್ಮ ಮನೆಯ ಬಾವಿಯದು ಸವಳು ನೀರು. ಬಾಯಿಗೆ ಹಾಕಿದರೆ ಉಪ್ಪುಪ್ಪು. ಸಾಬೂನು ನೊರೆ ಬಿಡುತ್ತಿರಲಿಲ್ಲ, ಎರೆದುಕೊಂಡ ಕೂದಲು ಒಣಗಿದ ಮೇಲೆ ಹಗ್ಗವಾಗಿ ನಿಲ್ಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಗೋಳು ಬೇಳೆಯದು. ಅಜ್ಜಿ ಬೆಳಿಗ್ಗೆ ಒಲೆಯ ಮೇಲಿಟ್ಟ ತೊಗರಿ ಬೇಳೆ ನಾವು ಮಧ್ಯಾಹ್ನ ಸಾಲೆಯಿಂದ ಬಂದಾಗಲೂ ಇಡಿ ಇಡಿಯಾಗಿ ಕುದಿಯುತ್ತಿರುತ್ತಿತ್ತು. ಅಜ್ಜಿ ಅದಕ್ಕೆ ಸೋಡಾ ಹಾಕುತ್ತಿದ್ದಳು, ಎಣ್ಣೆ ಬಿಡುತ್ತಿದ್ದಳು, ಕೊನೆಗೆ ಕಡಗೋಲು ತೆಗೆದುಕೊಂಡು ಸಿಟ್ಟಿನಿಂದ ತಿರುವುತ್ತಿದ್ದಳು. ಊಟಕ್ಕೆ ಕೂತರೆ ಸಾರಿನ ತಳದಲ್ಲಿ ಬೇಳೆ ಹಲ್ಲಿಗೆ ಸಿಕ್ಕು ಕಟಕ್ ಎನ್ನುತ್ತಿತ್ತು. ನಮ್ಮ ಅಪ್ಪ ಅದನ್ನು ಅಗಿಯುತ್ತ, ಹಲ್ಲು ಗಟ್ಟಿಯಾಗುತ್ತವೆ ತಿನ್ನಿರಿ ಎನ್ನುತ್ತಿದ್ದರು. ಅವರು ಚೇಷ್ಟೆಗೆ ಆಡಿದ ಮಾತು ಅರ್ಧ ನಿಜವಾಗಿತ್ತು ಎಂದು ನನಗೆ ಗೊತ್ತಾಗಲು ನಾನು ಅಜ್ಜಿಯಾಗುವ ವಯಸ್ಸಿಗೆ ಬರಬೇಕಾಯಿತು.

ಹೀಗಾಗಿ ನಮ್ಮ ಕಡೆ ನೀರಿಗೆ ಒಂದೇ ಪರೀಕ್ಷೆ. ಇಂಡಿಯವರಿರಲಿ, ಸಿಂದಗಿಯವರಿರಲಿ, ಮುದ್ದೇಬಿಹಾಳದವರಿರಲಿ, ಬೇರೆ ಊರಿನ ನೀರು ಹೇಗಿದೆ ಎಂದು ಕೇಳುವಾಗ ಯಾರೂ ರುಚಿ ಕೇಳುವುದಿಲ್ಲ, ಬಣ್ಣ ಕೇಳುವುದಿಲ್ಲ. ಬ್ಯಾಳಿ ಬೇಯ್ತಾವೇನ್ರಿ ಎಂದು ಕೇಳುತ್ತಾರೆ. ಬೇಯುತ್ತವೆ ಎಂದರೆ ಆಯಿತು, ಆ ನೀರಿಗೆ ನೂರಕ್ಕೆ ನೂರು ಅಂಕ.

ನನಗೆ ವರ ನೋಡಲು ಅಪ್ಪ ಹಿಪ್ಪರಗಿಗೆ ಬಂದಾಗಲೂ ಆಸ್ತಿ ವಿಚಾರಿಸುವ ಮೊದಲು ಇದನ್ನೇ ಕೇಳಿದ್ದರಂತೆ. ಅತ್ತೆ ಬಾಯಿಂದ ಉತ್ತರ ಕೊಡಲಿಲ್ಲ. ಒಳಗೆ ಹೋಗಿ, ಬೀಗರು ಒಂದು ಚಹಾ ಕುಡಿದು ಎರಡನೆಯದಕ್ಕೆ ಕೈಚಾಚುವುದರೊಳಗೆ ಬೇಳೆ ಬೇಯಿಸಿ, ಅರೆದು, ಹೋಳಿಗೆ ಮಾಡಿ ತಂದು ಮುಂದಿಟ್ಟರು. ಅಪ್ಪ ಅಲ್ಲಿಯೇ ಸೋತರು. ಮನೆಗೆ ಬಂದು ಅವ್ವನಿಗೆ ಬಾವಿಯ ವರ್ಣನೆ ಮಾಡಿದ್ದೇ ಮಾಡಿದ್ದು. ಹುಡುಗ ಹೇಗಿದ್ದಾನೆ ಎಂದು ಅವ್ವ ಎರಡು ಸಲ ಕೇಳಿದ ಮೇಲೆ, ಹುಡುಗ ಚಲೋ ಇದ್ದಾನೆ, ಆದರೆ ಹಲ್ಲು ಕಂದು, ತಂಬಾಕು ತಿನ್ನುತ್ತಾನೆ ಅಂತ ಕಾಣುತ್ತದೆ ಎಂದರು. ಬಿಡಿಸಿದರಾಯಿತು ಎಂದು ಅವ್ವ ನನ್ನ ಕಡೆ ನೋಡಿದಳು.

ನಾನು ಬಿಡಿಸಲು ಹೊರಟೆ. ಮದುವೆಯಾದ ಲಾಗಾಯ್ತು ನಮ್ಮವರ ಅಂಗಿಯ ಕಿಸೆ, ಟ್ರ್ಯಾಕ್ಟರಿನ ಸೀಟಿನ ಸಂದಿ, ಹಾಸಿಗೆಯ ಕೆಳಗೆ, ಎಲ್ಲ ಕಡೆ ತಂಬಾಕಿನ ಪೊಟ್ಟಣ ಹುಡುಕಿದ್ದೇನೆ. ಒಂದು ದಿನವೂ ಸಿಗಲಿಲ್ಲ. ಇಷ್ಟು ಜಾಣತನದಿಂದ ಮುಚ್ಚಿಡುವ ಮನುಷ್ಯ ಇನ್ನೇನೇನು ಮುಚ್ಚಿಟ್ಟಿದ್ದಾನೋ ಎಂದು ಸಂಶಯ ಹೆಚ್ಚಾಯಿತೇ ಹೊರತು, ಇವರು ತಿನ್ನುವುದೇ ಇಲ್ಲವೇನೋ ಎಂಬ ವಿಚಾರ ಈ ವಿಜ್ಞಾನದ ತಲೆಗೆ ಬರಲಿಲ್ಲ.

ಇನ್ನು ನಮ್ಮ ಬಾವಿ. ಮನೆಯ ಹಿತ್ತಲಿನಲ್ಲಿದೆ, ಕಲ್ಲು ಕಟ್ಟಿದ ಬಾವಿ, ಓಣಿಯ ಕಡೆಗೆ ಒಂದು ಸಣ್ಣ ಬಾಗಿಲು. ಆ ಬಾಗಿಲಿಗೆ ಅತ್ತೆ ಎಂದೂ ಚಿಲಕ ಹಾಕಿಸಿಲ್ಲ. ಅವರ ಹೆಸರು ನೀಲವ್ವ, ಓಣಿಗೆಲ್ಲ ದೊಡ್ಡವ್ವ. ಹತ್ತಿಪ್ಪತ್ತು ಮನೆಯವರು ಕುಡಿಯಲು, ಅಡುಗೆಗೆ ನಮ್ಮ ಬಾವಿಯಿಂದಲೇ ಒಯ್ಯುತ್ತಿದ್ದರು. ಬೆಳಿಗ್ಗೆ ಅತ್ತೆ ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು, ಯಾರ ಮನೆಯಲ್ಲಿ ಯಾರಿಗೆ ನೆಗಡಿ, ಯಾರ ಸೊಸೆ ಎಷ್ಟು ತಿಂಗಳ ಬಸುರಿ ಎಂದು ವಿಚಾರಿಸಿಕೊಳ್ಳುತ್ತಿದ್ದರು. ನೀರು ಕೊಡುವ ಮನೆ ಎಂಬ ಮಾತು ಅವರಿಗೆ ಕೈಯ ಬಂಗಾರದ ಬಿಲ್ವಾರಕ್ಕಿಂತ ದೊಡ್ಡದು.

ಹಾಗಂತ ಊರಿಗೆ ನಳ ಇಲ್ಲವೆಂದಲ್ಲ. ಹೊಳೆಯ ನೀರು ಶುದ್ಧವಾಗಿ ನಾಲ್ಕು ದಿನಕ್ಕೊಮ್ಮೆ ನಮ್ಮ ಅಂಗಳಕ್ಕೆ ಬರುತ್ತದೆ. ಆದರೆ ಅದರಲ್ಲಿ ಬೇಳೆ ಬೇಯಲು ಕುಕ್ಕರು ಎರಡು ಸೀಟಿ ಹೆಚ್ಚು ಕೂಗಬೇಕು, ಮೇಲಾಗಿ ಔಷಧದ ವಾಸನೆ. ಅತ್ತೆ ಅದನ್ನು ಕುಡಿಯುವ ನೀರೆಂದು ಒಪ್ಪಲೇ ಇಲ್ಲ. ಅದು ಪಾತ್ರೆ ತೊಳೆಯಲಿಕ್ಕೆ, ಬಚ್ಚಲಿಗೆ, ಮತ್ತು ಎಮ್ಮೆಗೆ. ನಮ್ಮ ಎಮ್ಮೆ ವರ್ಷಾನುಗಟ್ಟಲೆ ಹೊಳೆಯ ನೀರು ಕುಡಿಯಿತು, ನಾವು ಬಾವಿಯ ನೀರು ಕುಡಿದೆವು. ಮನೆಯಲ್ಲಿ ಯಾರ ನಸೀಬು ಚಲೋ ಇತ್ತು ಎಂಬುದು ಈಗ ಗೊತ್ತಾಗಿದೆ.

ಹೋದ ಮಳೆಗಾಲದ ಮೊದಲ ಮಳೆ ಬಿದ್ದ ವಾರಕ್ಕೆ ಬಾವಿಯ ನೀರಿಗೆ ನಾತ ಬಂದಿತು. ಸ್ವಲ್ಪ ಮಬ್ಬು ಕೂಡ. ಅತ್ತೆಯ ಮುಖ ಸಣ್ಣದಾಯಿತು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡೆ. ಈ ಹೊತ್ತಿನಲ್ಲಿಯೇ ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದದ್ದು.

ಮೊದಲು ತುರಟಿ. ಕುಡಿಯುವ ನೀರಿನ ಹಂಡೆಯಲ್ಲಿ ಗಡ್ಡೆಯನ್ನು ನಾಲ್ಕು ಸುತ್ತು ತಿರುಗಿಸಿ ತೆಗೆಯಬೇಕು, ಅಷ್ಟೇ. ನಾನು ತಿರುಗಿಸುವಾಗ ಫೋನು ಬಂದಿತು, ಗಡ್ಡೆಯನ್ನು ಹಂಡೆಯಲ್ಲೇ ಬಿಟ್ಟು ಹೋದವಳು ಮರುದಿನ ಬೆಳಿಗ್ಗೆ ನೆನಪಿಸಿಕೊಂಡೆ. ನೀರೇನೋ ಕನ್ನಡಿಯಷ್ಟು ತಿಳಿಯಾಗಿತ್ತು. ಆದರೆ ಚಹಾಕ್ಕೆ ಹಾಲು ಹಾಕಿದ ಕೂಡಲೇ ಒಡೆದು ಮುದ್ದೆಯಾಯಿತು. ಅತ್ತೆ ಬಾಗಿಲಿಗೆ ಹೋಗಿ ಹಾಲಿನವನನ್ನು ಹಿಡಿದು, ಅವನ ಎಮ್ಮೆಯನ್ನೂ ಅವನ ಮನೆತನವನ್ನೂ ಸೇರಿಸಿ ಬೈದರು. ನಾನು ಒಳಗೆ ನಿಂತು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಈಗಲೂ ಆ ಹಾಲಿನವನಿಗೆ ನಾನೇ ಕರೆದು ಚಹಾ ಕೊಡುತ್ತೇನೆ, ಯಾಕೆಂದು ಅವನಿಗೆ ಗೊತ್ತಿಲ್ಲ.

ಆಮೇಲೆ ಬಾವಿಯ ನೀರೆಲ್ಲ ಮೋಟಾರಿನಿಂದ ಹೊರಗೆ ಹಾಕಿಸಿ ಇಬ್ಬರನ್ನು ಇಳಿಸಿ ಹೂಳು ತೆಗೆಸಿದೆವು. ಏಳು ತಂಬಿಗೆ, ಒಂದು ಹಿತ್ತಾಳೆಯ ಸೌಟು, ಲೆಕ್ಕವಿಲ್ಲದಷ್ಟು ಚೆಂಡು ಬಂದವು. ಇವುಗಳ ಸಂಗಡ ಕೊಳೆತ ತೆಂಗಿನಕಾಯಿ, ವೀಳ್ಯದೆಲೆ, ಮತ್ತು ಬುಟ್ಟಿಗಟ್ಟಲೆ ಹಳಸಿದ ಗುಗ್ಗರಿ. ಕಳ್ಳ ಸಿಕ್ಕ. ನಮ್ಮಲ್ಲಿ ಬಾಣಂತಿ ಮೊದಲ ಸಲ ಹೊರಗೆ ಬಂದಾಗ ಬಾವಿಗೆ ಗಂಗಿ ಪೂಜೆ ಮಾಡಿ, ಹಾಲು ಎರೆದು, ಬೇಯಿಸಿದ ಗೋದಿಯ ಗುಗ್ಗರಿಯನ್ನು ಗಂಗವ್ವನ ಉಡಿಗೆ ಎಂದು ಬಾವಿಯೊಳಗೆ ಹಾಕುತ್ತಾರೆ. ಮನೆಯ ಹತ್ತಿರದ ಯಾವ ನೀರಿಗಾದರೂ ಮಾಡಬಹುದು. ಆದರೆ ನಮ್ಮ ಬಾವಿಗೆ ಇಷ್ಟು ಮಾನ ಇರುವಾಗ ಬೇರೆ ಕಡೆ ಯಾರು ಹೋಗುತ್ತಾರೆ? ಮಳೆಗೆ ಮುಂಚಿನ ಎರಡು ತಿಂಗಳಲ್ಲಿ ಓಣಿಯಲ್ಲಿ ಆರು ಹೆರಿಗೆ. ಗಂಗವ್ವನಿಗೆ ಅಜೀರ್ಣವಾಗಿತ್ತು.

ತಳ ತೊಳೆಸಿ, ಬ್ಲೀಚಿಂಗ್ ಪೌಡರು ಹಾಕಿ, ಬಾವಿಗೆ ಜಾಳಿಗೆ ಹೊದಿಸಿದೆವು. ನಾಲ್ಕು ದಿನದಲ್ಲಿ ನಾತ ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹಕ್ಕೆ ಇಲ್ಲಿಯೇ ಮಂಗಳ ಹಾಡಬಹುದಿತ್ತು. ಆದರೆ ನನಗೆ ಸರ್ಟಿಫಿಕೇಟು ಬೇಕಾಗಿತ್ತು. ಪಂಚಾಯತಿಯಲ್ಲಿ ನೀರು ಪರೀಕ್ಷೆ ಮಾಡುವ ಸವಿತಾ ಎಂಬ ಹುಡುಗಿಯನ್ನು ಬರಹೇಳಿದೆ. ನಮ್ಮ ಓಣಿಯವಳೇ, ನನ್ನ ಕೈಯಲ್ಲಿ ಕಲಿತವಳು. ಒಂದು ಪೆಟ್ಟಿಗೆ ತಂದು ಕಟ್ಟೆಯ ಮೇಲೆ ಬಿಚ್ಚಿ, ಸಣ್ಣ ಸಣ್ಣ ಶೀಶೆಗಳಲ್ಲಿ ನೀರು ತುಂಬಿ ಕೂತಳು. ಹುಳದ ಪರೀಕ್ಷೆಯ ಶೀಶೆ ಎರಡು ದಿನ ಬಿಟ್ಟು ಅವಳು ಮತ್ತೆ ಬಂದು ನೋಡಿದಾಗಲೂ ಕಪ್ಪಾಗಿರಲಿಲ್ಲ, ಅಂದರೆ ಪಾಸು. ಅತ್ತೆ ಅವಳಿಗೆ ಹೋಳಿಗೆ ಹಾಕಿದರು. ಪೆಟ್ಟಿಗೆ ತೆರೆದದ್ದು ತೆರೆದಿದ್ದೇನೆ, ಉಳಿದವನ್ನೂ ನೋಡಿಬಿಡುತ್ತೇನೆ ಎಂದು ಸವಿತಾ ಇನ್ನೊಂದು ಶೀಶೆಗೆ ಕೆಂಪು ಔಷಧ ಹಾಕಿದಳು. ಅದು ಗುಲಾಬಿಯಾಗಿ ಉಳಿಯಬೇಕಾಗಿತ್ತು. ನಾವು ನೋಡುತ್ತಿದ್ದಂತೆಯೇ ಹಳದಿಯಾಯಿತು.

ಫ್ಲೋರೈಡು. ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ನೀರಿನಲ್ಲಿ ಸುಣ್ಣದ ಅಂಶವಿದ್ದರೆ ಅದು ಫ್ಲೋರೈಡನ್ನು ಹೆಚ್ಚಾಗಲು ಬಿಡುವುದಿಲ್ಲ. ಸುಣ್ಣ ಕಡಿಮೆಯಾದ ಮೆತ್ತಗಿನ ನೀರಿನಲ್ಲಿ ಅದು ಕರಗಿಕೊಂಡೇ ಇರುತ್ತದೆ, ಬೆಳೆಯುವ ಮಕ್ಕಳ ಹಲ್ಲಿನೊಳಗೆ ಸೇರಿ ಕಂದು ಕಲೆ ಮಾಡುತ್ತದೆ, ವಿಪರೀತವಾದರೆ ಎಲುಬಿಗೂ ಇಳಿಯುತ್ತದೆ. ಬೇಳೆ ಚಲೋ ಬೇಯುವುದೂ ಅದೇ ಮೆತ್ತಗಿನ ನೀರಿನಲ್ಲಿ. ತಾಂಬಾದಲ್ಲಿ ಅಜ್ಜಿಯ ಬೇಳೆಯನ್ನು ಕೆಡಿಸಿದ ಸುಣ್ಣವೇ ನಮ್ಮ ಹಲ್ಲು ಕಾದಿತ್ತು. ನಾವು ನೂರಕ್ಕೆ ನೂರು ಕೊಟ್ಟ ಬಾವಿ ನಾವು ಕೇಳದೇ ಬಿಟ್ಟ ಪ್ರಶ್ನೆಯಲ್ಲಿ ನಪಾಸಾಗಿತ್ತು.

ಅತ್ತೆ ಒಪ್ಪಲಿಲ್ಲ. ಲಗ್ನವಾಗಿ ಬಂದ ದಿನದಿಂದ ಇದೇ ನೀರು ಕುಡಿದಿದ್ದೇನೆ, ನನ್ನ ಹಲ್ಲು ನೋಡಿರಿ ಎಂದು ತುಟಿ ಎತ್ತಿ ತೋರಿಸಿದರು. ಉಳಿದ ಹಲ್ಲುಗಳೆಲ್ಲ ಬೆಳ್ಳಗಿದ್ದವು. ನನ್ನವೂ ಬೆಳ್ಳಗಿವೆ. ಆಗ ನನಗೆ ಓಣಿಯ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅತ್ತೆ ಮುದ್ದೇಬಿಹಾಳದ ಕಡೆಯಿಂದ ದೊಡ್ಡವಳಾಗಿ ಬಂದವರು, ನಾನು ತಾಂಬಾದಿಂದ. ಓಣಿಯ ಸೊಸೆಯರ ಹಲ್ಲೆಲ್ಲ ಬಿಳಿ. ಇಲ್ಲಿಯೇ ಹುಟ್ಟಿ, ಈ ನೀರು ಕುಡಿದು ಬೆಳೆದ ಗಂಡುಮಕ್ಕಳ, ಹೆಣ್ಣುಮಕ್ಕಳ ಹಲ್ಲು ಕಂದು. ಗಂಡಸರು ತಂಬಾಕು ತಿನ್ನುತ್ತಾರೆ, ಹುಡುಗಿಯರು ಮಣ್ಣು ತಿನ್ನುತ್ತಾರೆ ಎಂದು ನಾವು ಸೊಸೆಯರು ಬಾವಿಕಟ್ಟೆಯಲ್ಲಿ ಆಡಿಕೊಂಡದ್ದೆಷ್ಟು.

ಸವಿತಾ ಶೀಶೆ ತೊಳೆಯುತ್ತ ತಲೆಯೆತ್ತದೆ ಹೇಳಿದಳು: “ಅಕ್ಕೋರ, ಎಂಟನೇತ್ತಾಗ ನೀವು ನನ್ನ ಎರಡ ಸಲ ಹಲ್ಲ ತಿಕ್ಕೊಂಡ ಬಾ ಅಂತ ಮನಿಗೆ ಕಳಿಸಿದ್ರಿ. ನಾ ಇದ್ದಲಿ ಹಚ್ಚಿ ರಕ್ತ ಬರೂಮಟ ತಿಕ್ಕಿದ್ದೆ.”

ಅವಳು ದೂರಲಿಲ್ಲ, ಸುಮ್ಮನೆ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ, ತಪ್ಪಾಯಿತು ಎಂದೆ. ಬಿಡ್ರಿ ಎಂದಳು. ನಮ್ಮವರಿಗೂ ಅದೇ ದಿನ ತಪ್ಪಾಯಿತು ಎಂದೆ. ಅವರು, ಇನ್ನು ಮೇಲೆ ಕಿಸೆ ಹುಡುಕುವುದು ತಪ್ಪಿತಲ್ಲ ಎಂದು ಮೀಸೆಯೊಳಗೆ ನಕ್ಕರು.

ಅತ್ತೆ ನಗಲಿಲ್ಲ. ಮಗನನ್ನು ಕರೆದು ಬೆಳಕಿಗೆ ನಿಲ್ಲಿಸಿ ಬಾಯಿ ತೆಗೆ ಎಂದರು. ಐವತ್ತು ದಾಟಿದ, ಅರ್ಧ ತಲೆ ನರೆತ ಮನುಷ್ಯ ಸಾಲೆಯ ಹುಡುಗನ ಹಾಗೆ ಬಾಯಿ ತೆರೆದು ನಿಂತರು. ಅತ್ತೆ ಬಹಳ ಹೊತ್ತು ನೋಡಿದರು. ಕಾಸಿದರೆ ಹೋಗುತ್ತದೇನು ಎಂದು ನನ್ನನ್ನು ಕೇಳಿದರು. ಕಾಸಿದರೆ ನೀರು ಆರಿ ಅದು ಇನ್ನೂ ಗಟ್ಟಿಯಾಗುತ್ತದೆ ಎಂದೆ. ತುರಟಿ ಹಾಕಿದರೆ ಎಂದರು. ಅದಕ್ಕೆ ತೂಕ, ಅಳತೆ ಬೇಕು, ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಎಂದೆ. ಜಗತ್ತಿನ ಎಲ್ಲ ತೊಂದರೆಗೂ ಉಪಾಯ ಇಟ್ಟುಕೊಂಡವಳ ಚೀಲದಲ್ಲಿ ಅವತ್ತು ಅತ್ತೆಗೆ ಬೇಕಾದ ಉಪಾಯವಿರಲಿಲ್ಲ. ಬಾವಿಯ ನೀರು ಬಿಟ್ಟು ನಳದ ನೀರು ಕುಡಿಯುವುದೊಂದೇ ದಾರಿ. ತಾಲೂಕಿನ ಪ್ರಯೋಗಾಲಯಕ್ಕೆ ಕಳಿಸಿದ ನೀರಿನ ವರದಿಯೂ ಅದನ್ನೇ ಹೇಳಿತು.

ವರದಿ ಬಂದ ಮೇಲೆ ಅತ್ತೆ ಎರಡು ದಿನ ಕಟ್ಟೆಯ ಹತ್ತಿರ ಹೋಗಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾವು ಬಾವಿಯ ನೀರು ಬಿಟ್ಟರೆ ನಮ್ಮ ಮನೆಯ ಮಟ್ಟಿಗೆ ಮುಗಿಯಿತು. ಓಣಿಯವರಿಗೆ ಹೇಳಬೇಕಲ್ಲ? ನಾನು ಹೇಳುತ್ತೇನೆ, ಇಲ್ಲವೇ ಪಂಚಾಯತಿಯವರು ಡಂಗುರ ಹೊಡೆಸುತ್ತಾರೆ ಎಂದೆ. ಅತ್ತೆ ಕೈ ಎತ್ತಿ ಬೇಡ ಎಂದರು. ಅವರ ಭಯ ನನಗೆ ತಿಳಿಯುತ್ತಿತ್ತು. ಓಣಿಯ ತುದಿಯ ಮನೆಯ ಶಾಂತಾಗೆ ಎರಡು ತಿಂಗಳ ಗಂಡು ಕೂಸು. ಅದಿನ್ನೂ ತಾಯಿಯ ಹಾಲು ಬಿಟ್ಟು ಬೇರೇನೂ ಕುಡಿಯದ್ದು, ಅದರ ಹಲ್ಲನ್ನು ಉಳಿಸಿಕೊಳ್ಳಬಹುದು. ಆದರೆ ಅವಳ ಮಗಳು ಪಲ್ಲವಿಗೆ ಏಳು ವರ್ಷ. ಹಾಲುಹಲ್ಲು ಬಿದ್ದು ಬಂದ ಮುಂದಿನ ಹೊಸ ಹಲ್ಲುಗಳ ಮೇಲೆ ಆಗಲೇ ಕಂದು ಗೆರೆ. ಶಾಂತಾ ಎದುರಿಗೆ ನಿಂತು, ನನ್ನ ಮಗಳಿಗೆ ಏನು ಕುಡಿಸಿದಿರಿ ಎಂದು ಕೇಳಿದರೆ ದೊಡ್ಡವ್ವ ಏನು ಹೇಳಬೇಕು?

ಮೂರನೆಯ ದಿನ ನಳದ ಪಾಳಿ. ಬೆಳಿಗ್ಗೆ ಆರೂವರೆಗೆ ನೀರು ಬಂದಿತು, ನಾನು ಪೈಪನ್ನು ಅಂಗಳದ ನಮ್ಮ ನೀರಿನ ಟಾಕಿಗೆ ಬಿಟ್ಟೆ. ಹಿತ್ತಲ ಬಾಗಿಲಿನಿಂದ ಹೆಂಗಸರು ಕೊಡ ಹಿಡಿದು ಎಂದಿನಂತೆ ಬಂದರು. ಅತ್ತೆ ಒಳಗಿನಿಂದ ಬಂದು ಬಾವಿಕಟ್ಟೆಗೆ ಬೆನ್ನು ಹಚ್ಚಿ ನಿಂತು ಎಲ್ಲರನ್ನೂ ತಡೆದರು.

“ಈ ನೀರ ಇವತ್ತಿಂದ ಕುಡ್ಯಾಕ ಒಯ್ಯಬ್ಯಾಡ್ರಿ. ಮಕ್ಕಳ ಹಲ್ಲು ಕೆಟ್ಟಿದ್ದು ಇದರಿಂದನ. ಯಾರಿಗೂ ಗೊತ್ತಿರಲಿಲ್ಲ, ನಿಂದೇನ ತಪ್ಪಿಲ್ಲ ಅಂತ ಸೊಸಿ ಅಂತಾಳ. ಆದರ ಕರದು ಕರದು ಕೊಟ್ಟಾಕಿ ನಾನ. ಬೈಯೂದಿದ್ರ ನನಗ ಬೈರಿ.”

ನಾನು ಫ್ಲೋರೈಡಿನ ವಿಷಯ ಎರಡು ಮಾತು ಹೇಳಿದೆ, ಅರ್ಧ ಜನರಿಗೆ ತಿಳಿಯಿತು. ಒಬ್ಬಿಬ್ಬರು ತಮ್ಮ ಮಕ್ಕಳ ಹೆಸರು ಹಿಡಿದು ಗುಸುಗುಸು ಮಾತಾಡಿಕೊಂಡರು. ಶಾಂತಾ ಖಾಲಿ ಕೊಡವನ್ನು ಸೊಂಟದಿಂದ ಇಳಿಸಿದಳು. ಅವಳು ಬೈಯಲಿಲ್ಲ. ಅವಳ ಚಿಂತೆ ಬೇರೆಯೇ ಇತ್ತು.

“ದೊಡ್ಡವ್ವ, ನಮ್ಮ ಮನಿ ದಿಬ್ಬದ ಮ್ಯಾಲ ಐತಿ. ಅಲ್ಲಿತನಾ ನಳದ ನೀರ ಏರೂದಿಲ್ರಿ. ಇದೂ ಬ್ಯಾಡಂದ್ರ ನಾ ಎಲ್ಲಿಂದ ತರ್ಲಿ?”

ಅತ್ತೆ ಅಂಗಳಕ್ಕೆ ಹೋಗಿ, ನಮ್ಮ ಟಾಕಿಯಲ್ಲಿದ್ದ ಪೈಪನ್ನು ಎಳೆದು ತಂದು ಅವಳ ಕೊಡದೊಳಗೆ ಇಟ್ಟರು. ನಮ್ಮ ಟಾಕಿ ಇನ್ನೂ ಕಾಲು ಭಾಗ ತುಂಬಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವರು ಹೇಳಿದರು: “ಮೊದಲ ಕೂಸಿನ ಮನಿಗೆ ತುಂಬ್ಲಿ. ನಮ್ದು ಆಮ್ಯಾಲ ನೋಡೂಣು.”

ಅವತ್ತಿನಿಂದ ಅದೇ ಪದ್ಧತಿ ನಡೆದಿದೆ. ನಳ ಬಂದ ದಿನ ಮೊದಲ ಸರದಿ ದಿಬ್ಬದ ಮೇಲಿನ ಮೂರು ಮನೆಗಳದು. ಬಾವಿಯ ನೀರು ಈಗ ಬಟ್ಟೆಗೆ, ಬಚ್ಚಲಿಗೆ, ಗಿಡಗಳಿಗೆ. ಬೇಳೆಗೆ ಎರಡು ಸೀಟಿ ಹೆಚ್ಚು ಹೊಡೆಸುತ್ತೇವೆ, ಅದರಿಂದ ಯಾರೂ ಸತ್ತಿಲ್ಲ. ದಿಬ್ಬಕ್ಕೆ ದಪ್ಪನೆಯ ಪೈಪು ಹಾಕಿಸಲು ಸವಿತಾ ಅರ್ಜಿ ಬರೆದಳು, ಓಣಿಯವರೆಲ್ಲ ಸಹಿ ಮಾಡಿದರು. ಹೋದ ತಿಂಗಳು ಪಂಚಾಯತಿಯವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಆ ಮೊದಲ ದಿನ ಕೊಡ ತುಂಬುತ್ತಿದ್ದಾಗ ಪಲ್ಲವಿ ತಾಯಿಯ ಹಿಂದಿನಿಂದ ಬಂದು ನನ್ನ ಪಕ್ಕ ನಿಂತಳು. ದೊಡ್ಡವರು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಮುಂದಿನ ಹಲ್ಲಿನ ಮೇಲೆ ಬೆರಳಿಟ್ಟು ಕೇಳಿದಳು: “ಅಕ್ಕೋರ, ನಂದು ಹೊಕ್ಕೈತೇನ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಂದಿರುವ ಹಲ್ಲಿನದು ತಾನಾಗಿ ಹೋಗುವುದಿಲ್ಲ, ದೊಡ್ಡವಳಾದ ಮೇಲೆ ವಿಜಯಪುರದ ಹಲ್ಲಿನ ಡಾಕ್ಟರು ಅದನ್ನು ಮುಚ್ಚಿ ಬೆಳ್ಳಗೆ ಮಾಡಬಹುದು ಎಂದೆ. ಇನ್ನೂ ಒಳಗೆ ಇರುವ ಹಲ್ಲುಗಳು ಬೇರೆ, ಎಲ್ಲವೂ ಅಲ್ಲದಿದ್ದರೂ ಕೆಲವಾದರೂ ಚಲೋ ಬರುತ್ತವೆ ಎಂದೆ. ಎಷ್ಟು ಎಂದು ಕೇಳಿದಳು.

ಅತ್ತೆ ಪೈಪನ್ನು ಶಾಂತಾಳ ಕೈಗೆ ಕೊಟ್ಟು, ಕಲ್ಲಿನ ಮೇಲೆ ಕೂತು, ಹುಡುಗಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಬಾಯಿ ತೆರೆಸಿದರು. ಒದ್ದೆ ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಎಣಿಸಿದರು. ಇದು ಬಿದ್ದು ಬರಬೇಕು, ಇದೂ ಬಿದ್ದು ಬರಬೇಕು, ಇಲ್ಲಿ ಹಿಂದೆ ಇನ್ನೂ ಹುಟ್ಟೇ ಇಲ್ಲ. ಎರಡೂ ಕೈಯ ಬೆರಳು ಮುಗಿದು ಮೇಲೆ ಇನ್ನೂ ಉಳಿದವು. ಎಣಿಸಿ ಆದ ಮೇಲೆ ನಳದ ನೀರನ್ನು ಒಂದು ಗ್ಲಾಸಿಗೆ ತುಂಬಿ ಅವಳ ಕೈಗೆ ಕೊಟ್ಟರು.

“ಇಷ್ಟ ಬರೂದದಾವ ನೋಡು. ಇವಕ್ಕ ಕುಡಿ.”

ಹುಡುಗಿ ಗಟಗಟ ಕುಡಿದಳು. ಗ್ಲಾಸನ್ನು ಮತ್ತೆ ಪೈಪಿನ ಕೆಳಗೆ ಹಿಡಿದಳು.